ಮೇಲವಂಕಿಯ ದನಿ ಕಠ್ಮಂಡುವಿಗೆ ಹೋದದ್ದು

ರೂಪಾಲಿಯ ಮುಖ ಕಂಡು ಗುರುತು ಹಿಡಿಯುವವರು ಮೇಲವಂಕಿಯಲ್ಲಷ್ಟೇ ಸಿಗುತ್ತಾರೆ. ದನಿ ಕೇಳಿ ಗುರುತು ಹಿಡಿಯುವವರು ಗೋಕಾಕ, ಮೂಡಲಗಿ ತಾಲ್ಲೂಕುಗಳ ತುಂಬ ಇದ್ದಾರೆ. ಮೂಡಲಗಿ ಸಂತೆಯಲ್ಲಿ ಹೀರೇಕಾಯಿ ಕೈಗೆತ್ತಿಕೊಂಡು "ಹೆಂಗ್ ಕೊಟ್ರಿ?" ಎಂದು ಆಕೆ ಕೇಳಿದರೆ ಸಾಕು, ಮಾರುವ ಹೆಂಗಸು ತಕ್ಕಡಿ ಕೆಳಗಿಟ್ಟು, "ಯವ್ವಾ, ನೀವು ಆಟೋದಾಗ ಮಾತಾಡಾವರ ಅಲ್ರಿ?" ಎನ್ನುತ್ತಾಳೆ.

ಹೌದು, ಆಟೋದಲ್ಲಿ ಮಾತಾಡುವವಳು ಅವಳೇ. ಸೀರೆ ಅಂಗಡಿಯ ರಿಯಾಯಿತಿ, ಪೋಲಿಯೊ ಹನಿ, ನಾಳೆ ಕರೆಂಟ್ ಇರುವುದಿಲ್ಲ ಎಂಬ ಸುದ್ದಿ, ಕಳೆದುಹೋದ ಆಕಳು, ತೀರಿಕೊಂಡ ಹಿರಿಯರು, ಎಲ್ಲವೂ ಈ ಸೀಮೆಯ ಓಣಿಗಳಿಗೆ ಅವಳ ದನಿಯಲ್ಲೇ ತಲುಪುತ್ತವೆ. ಹುಕ್ಕೇರಿ ಕಡೆಯ ಊರುಗಳಿಗೆ ಹೋದಾಗ ಅದನ್ನೇ ಮರಾಠಿಯಲ್ಲೂ ಹೇಳುತ್ತಾಳೆ. ಅವಳ ತವರು ಅದೇ ತಾಲ್ಲೂಕಿನ ದಡ್ಡಿ. ಅಲ್ಲಿನ ಮಕ್ಕಳಿಗೆ ಎರಡು ಭಾಷೆಗಳೂ ಹಾಲು ಕುಡಿಯುವಾಗಲೇ ಬಂದಿರುತ್ತವೆ.

ಮದುವೆಯಾಗಿ ಮೇಲವಂಕಿಗೆ ಬಂದಾಗ ರೂಪಾಲಿಗೆ ಮೈಕು ಹಿಡಿದು ಗೊತ್ತಿರಲಿಲ್ಲ. ಗಂಡನ ಮನೆಯವರದು ಮೈಕ್‌ಸೆಟ್ ಅಂಗಡಿ. ಮಾವ ಜಿನಪ್ಪ ಕ್ಯಾಸೆಟ್ಟಿನ ಕಾಲದಿಂದ ನಡೆಸಿಕೊಂಡು ಬಂದದ್ದಕ್ಕೆ ಗಂಡ ಶುಭಮ ಬಣ್ಣದ ಲೈಟುಗಳನ್ನೂ ದೊಡ್ಡ ಪೆಟ್ಟಿಗೆಗಳನ್ನೂ ಸೇರಿಸಿದ್ದ. ಅನೌನ್ಸ್ ಮಾಡಲು ಮಾಯಪ್ಪ ಎಂಬವನಿದ್ದ. ಒಂದು ದಿನ ಅವನ ಗಂಟಲು ಕಟ್ಟಿತು, ಗೋಕಾಕದ ಸೀರೆ ಅಂಗಡಿಯವನು ಬಾಗಿಲಲ್ಲಿ ನಿಂತಿದ್ದ. "ನಾ ಓದ್ಲೇನ್ರಿ?" ಎಂದು ಹೊಸ ಸೊಸೆ ಅಡುಗೆಮನೆಯ ಬಾಗಿಲಿನಿಂದ ಕೇಳಿದಳು. ಅವಳು ಓದಿದ್ದನ್ನು ಜಿನಪ್ಪ ಹೆಡ್‌ಫೋನ್ ಹಾಕಿಕೊಂಡು ಕೇಳಿ, ಅದನ್ನು ತೆಗೆದು, ಸೊಸೆಯನ್ನು ಆಗಷ್ಟೇ ಮೊದಲ ಸಲ ನೋಡುವವರಂತೆ ನೋಡಿದರು.

"ಚಲೋ ಐತಿ. ಆದ್ರ ಓಡಬ್ಯಾಡ. ಮೊದಲನೇ ಮಾತು ಮಂದಿ ಕಿವಿ ತಿರುಗಸಾಕ. ಎರಡನೇದು ಕೇಳಾಕ. ನಡುವ ಒಂದು ಉಸರ ಬಿಡು."

ಅಷ್ಟೇ ಅವಳ ಕಲಿಕೆ.

ಅದಾಗಿ ಕೆಲವೇ ತಿಂಗಳಲ್ಲಿ, ಎರಡು ಸಾವಿರದ ಹತ್ತೊಂಬತ್ತರ ಆಗಸ್ಟಿನಲ್ಲಿ, ಘಟಪ್ರಭೆ ಉಕ್ಕಿ ಬಂದಳು. ಆ ದಿನಗಳ ಬಗ್ಗೆ ಈ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮುಂಜಾನೆ ಪಂಚಾಯಿತಿಯ ಲಗಮಣ್ಣ ಛತ್ರಿಯಡಿ ಬಂದು ಒಂದು ಕಾಗದ ಕೊಟ್ಟ. ಹೊಳೆದಂಡೆಯ ಓಣಿಗಳಲ್ಲಿ ಅದನ್ನು ಓದಬೇಕಿತ್ತು. ಶುಭಮ ಬೆಳಗಾವಿಗೆ ಹೋದವನು ರಸ್ತೆ ಕಡಿದು ಅಲ್ಲೇ ಸಿಕ್ಕಿಬಿದ್ದಿದ್ದ. ಜಿನಪ್ಪ ಆಟೋ ಹೊರಡಿಸಿದರು, ರೂಪಾಲಿ ಹಿಂದೆ ಕುಳಿತಳು.

"ನದಿ ಪಾತ್ರದ ಸಾರ್ವಜನಿಕರು ಜಾನುವಾರುಗಳೊಂದಿಗೆ ಸುರಕ್ಷಿತ ಸ್ಥಳಗಳಿಗೆ ತೆರಳತಕ್ಕದ್ದು" ಎಂದು ಕಾಗದದಲ್ಲಿತ್ತು. ಓದಿದಳು. ಜನ ಬಾಗಿಲಿಗೆ ಬಂದು ಕೇಳಿ ಮತ್ತೆ ಒಳಗೆ ಹೋದರು. ಎರಡನೇ ಓಣಿಯಲ್ಲೂ ಹಾಗೇ ಆಯಿತು. ಆಗ ಅವಳು ಕಾಗದ ಮಡಚಿ, ಮುಂದೆ ಕುಳಿತ ಮಾವನನ್ನು ಕೇಳಿದಳು: "ಈ ಮನಿ ಯಾರದ್ರಿ?"

"ದುಂಡಪ್ಪಂದು."

"ದುಂಡಪ್ಪ ಕಾಕಾ," ಎಂದಳು ಮೈಕಿನಲ್ಲಿ. ಉಸಿರು ಬಿಟ್ಟಳು. "ನಾ ಜಿನಪ್ಪನವರ ಸೊಸಿ ಮಾತಾಡಾಕತ್ತೇನಿ. ನೀರು ನಿಮ್ಮ ಹಿತ್ತಲದ ಬೇವಿನ ಗಿಡಕ್ಕ ಬಂದೈತಿ. ಮೊದಲ ಎಮ್ಮಿ ಬಿಚ್ಚರಿ. ಗಂಟು ಆಮೇಲೆ ಕಟ್ಟರಿ. ಸಾಲಿ ಕಡೆ ನಡೀರಿ."

ಹೊಸ ಸೊಸೆ ಊರ ಹಿರಿಯರ ಹೆಸರು ಹಿಡಿದು ಮೈಕಿನಲ್ಲಿ ಕೂಗುವುದೆಂದರೇನು! ಆದರೆ ದುಂಡಪ್ಪ ಹಿತ್ತಲಿಗೆ ಓಡಿದ. ಬಾಜೂ ಮನೆಯವರು ತಮ್ಮ ಹೆಸರು ಬರುವ ಮೊದಲೇ ಹೊರಬಿದ್ದರು. ಜಿನಪ್ಪ ಮನೆ ಮನೆಯ ಹೆಸರು ಹೇಳುತ್ತ ಹೋದರು, ಅವಳು ಕರೆಯುತ್ತ ಹೋದಳು. ಮಧ್ಯಾಹ್ನದ ಹೊತ್ತಿಗೆ ಕೆಳಗಿನ ಓಣಿಗಳು ಖಾಲಿಯಾಗಿದ್ದವು. ಯಾರೋ ಮೊಬೈಲಿನಲ್ಲಿ ಹಿಡಿದ ಅದರ ಒಂದು ತುಣುಕು ಆಮೇಲೆ ಊರೂರು ಸುತ್ತಿತು.

ಆ ತುಣುಕು ಬೆಳಗಾವಿಯ ದಾನೇಶ್ವರಿಯ ಕೈಗೂ ಹೋಯಿತು. ದಾನೇಶ್ವರಿ ಹೊಳೆದಂಡೆಯ ಊರುಗಳಲ್ಲಿ ನೆರೆಗೆ ಮುಂಚಿತವಾಗಿ ಸಿದ್ಧವಾಗುವುದನ್ನು ಕಲಿಸುವ ಒಂದು ಸಂಸ್ಥೆಯಲ್ಲಿ ಕೆಲಸ ಮಾಡುತ್ತಾಳೆ. ಮೇಲವಂಕಿಗೆ ಬಂದು ಹೋಗಿ ರೂಪಾಲಿಗೆ ಪರಿಚಯವಾದಳು. ಹೋದ ವರ್ಷ ಶ್ರಾವಣದಲ್ಲಿ ಒಂದು ಮಧ್ಯಾಹ್ನ ಅವಳ ಫೋನು ಬಂತು.

"ರೂಪಾಲಿ, ಕಠ್ಮಂಡುಕ್ಕ ಬರ್ತೀಯೇನ?"

"ಯಾರ ಮದುವೀರಿ ಅಕ್ಕಾರ? ಅಷ್ಟು ದೂರ ನಮ್ಮ ಆಟೋ ಬರಂಗಿಲ್ರಿ."

ದಾನೇಶ್ವರಿ ನಕ್ಕಳು. ನಕ್ಕು ಮುಗಿಸಿ ವಿವರಿಸಿದಳು. ಸುತ್ತಲಿನ ದೇಶಗಳ ಯುವಜನರು ಸೇರಿ ನಡೆಸುವ ಹವಾಮಾನ ಸಮ್ಮೇಳನ. ಈ ಸಲ ನೇಪಾಳದಲ್ಲಿ. ನೆರೆ, ಬಿರುಗಾಳಿ, ಭೂಕುಸಿತ ಬರುವ ಮೊದಲೇ ಜನರಿಗೆ ಹೇಗೆ ತಿಳಿಸಬೇಕು ಎಂಬುದರ ಮೇಲೆ ಒಂದು ಇಡೀ ದಿನದ ಮಾತುಕತೆ. ಅಲ್ಲಿನವರು ಆ ತುಣುಕು ನೋಡಿದ್ದಾರೆ. ಆ ಹೆಂಗಸನ್ನೇ ಕರೆತನ್ನಿ ಎಂದಿದ್ದಾರೆ.

ರೂಪಾಲಿ ಫೋನು ಇಟ್ಟು ಅಂಗಡಿಯೊಳಗೆ ಓಡಿದಳು. ಶುಭಮನಿಗೆ ಹೇಳಿದಳು. ಅವನು ವೈರು ಬೆಸೆಯುತ್ತಿದ್ದವನು ಕೈ ಸುಟ್ಟುಕೊಂಡ.

"ಖರೆ?"

"ಖರೇರಿ."

"ಇಮಾನದಾಗ?"

"ಇಮಾನದಾಗರಿ!"

ಸಮಸ್ಯೆ ಇದ್ದದ್ದು ಅತ್ತೆ ಜಿನ್ನವ್ವನ ಹತ್ತಿರ. ಆಕೆಗೆ ನೇಪಾಳದ ಬಗ್ಗೆ ತಕರಾರಿರಲಿಲ್ಲ, ಯುವಜನ ಎಂಬ ಮಾತಿನ ಬಗ್ಗೆ ಇತ್ತು. "ಕೂಸು ಅಂಗನವಾಡಿಗೆ ಹೊಂಟೈತಿ. ಕೂಸಿನ ತಾಯಿ ಯುವಜನಾ ಹೆಂಗ ಆಗ್ತಾಳ?"

"ಮೂವತ್ತರ ತನಕಾ ಲೆಕ್ಕ ಹಿಡೀತಾರಂತರಿ ಅತ್ತಿ. ನನಗ ಇಪ್ಪತ್ತೊಂಬತ್ತ."

ಜಿನ್ನವ್ವ ಸ್ವಲ್ಪ ಯೋಚಿಸಿದರು. "ಹಂಗಾರ ಲಗೂನ ಹೋಗಿ ಬಾ. ಮತ್ತ ವಯಸ್ಸು ಮೀರಿದ್ರ ಯಾರ ಕೇಳ್ತಾರ."

ನೇಪಾಳಕ್ಕೆ ಮತದಾರರ ಗುರುತಿನ ಚೀಟಿ ಸಾಕು ಎಂದಾಗಲೂ ಜಿನ್ನವ್ವನಿಗೆ ಸಮಾಧಾನವಾಗಲಿಲ್ಲ. ಓಟು ಹಾಕುವ ಚೀಟಿಯಿಂದ ಪರದೇಶಕ್ಕೆ ಹೋಗುವುದೆಂದರೆ ಅದೆಂಥ ಪರದೇಶ? ಆದರೂ ರೊಟ್ಟಿ ಬಡಿಯಲು ಕುಳಿತರು. ಕಡಕ್ ರೊಟ್ಟಿ, ಬೆಳ್ಳುಳ್ಳಿ ಇಲ್ಲದ ಶೇಂಗಾ ಚಟ್ನಿ, ಗುರೆಳ್ಳ ಪುಡಿ, ಹಂಚಲು ಗೋಕಾಕದ ಕರದಂಟು. ಈ ಮನೆಯಲ್ಲಿ ಸೂರ್ಯ ಮುಳುಗಿದ ಮೇಲೆ ಊಟವಿಲ್ಲ, ಬಸದಿಗೆ ನಡೆದುಕೊಳ್ಳುವ ಮನೆತನ. ಅಲ್ಲಿ ಊಟ ಎಷ್ಟು ಹೊತ್ತಿಗೋ, ಯಾವುದರಲ್ಲಿ ಏನು ಹಾಕಿರುತ್ತಾರೋ. ಚೀಲದ ಅರ್ಧ ತೂಕ ಅದೇ ಆಯಿತು.

ದೀಪಾವಳಿ ಮುಗಿದು ಕೆಲವು ದಿನಕ್ಕೆ ಸಾಂಬ್ರಾ ವಿಮಾನ ನಿಲ್ದಾಣದಿಂದ ದಾನೇಶ್ವರಿ ಮತ್ತು ರೂಪಾಲಿ ದಿಲ್ಲಿಗೆ ಹಾರಿದರು. ಶುಭಮ, ಜಿನಪ್ಪ, ಮಗಳು ಸ್ವರಾ ಮೂವರೂ ಆಟೋದಲ್ಲೇ ಬೆಳಗಾವಿಗೆ ಬಂದಿದ್ದರು, ಮೇಲೆ ಕೊಂಬಿನ ಸ್ಪೀಕರುಗಳೂ ಹಾಗೇ ಇದ್ದವು. ಗೇಟಿನ ಪೋಲೀಸ, "ಇಲ್ಲೆ ಪ್ರಚಾರ ಇಲ್ರಿ" ಎಂದು ತಡೆದ. ವಿಮಾನ ಮೇಲೇಳುವಾಗ ರೂಪಾಲಿ ದಾನೇಶ್ವರಿಯ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಬಳೆಯ ಗುರುತು ದಿಲ್ಲಿಯವರೆಗೂ ಹೋಗಲಿಲ್ಲ.

ದಿಲ್ಲಿಯಿಂದ ಮುಂದಿನ ವಿಮಾನದಲ್ಲಿ ಅವಳಿಗೆ ಎಡಗಡೆಯ ಕಿಟಕಿ ಸಿಕ್ಕಿತು. ಮೊದಲು ಅವಳು ಅದನ್ನು ಮೋಡ ಎಂದುಕೊಂಡಳು. ಮೋಡ ಸರಿಯಿತು, ಅದು ಸರಿಯಲಿಲ್ಲ. ವಿಮಾನದಷ್ಟೇ ಎತ್ತರದಲ್ಲಿ, ದೂರದಲ್ಲಿ, ಬೆಳ್ಳಗೆ, ಒಂದರ ಹಿಂದೊಂದು.

"ಅಕ್ಕಾರ! ಅಕ್ಕಾರ, ಎದ್ದೇಳ್ರಿ! ಗುಡ್ಡಾ!"

ನಾಲ್ಕು ಸಾಲು ಹಿಂದಿನವರೂ ಎದ್ದರು. ಓಣಿಯ ತುದಿಗೆ ಮುಟ್ಟುವ ದನಿ ಅದು, ವಿಮಾನದಲ್ಲಿ ಎಲ್ಲಿ ಅಡಗುತ್ತದೆ? ಒಬ್ಬ ಮುದುಕರು ಮುಗುಳ್ನಕ್ಕು ಅವಳಿಗೆ ಹಿಂದಿಯಲ್ಲಿ ಶಿಖರಗಳ ಹೆಸರು ಹೇಳಿದರು. ಅವಳಿಗೆ ಒಂದೂ ನೆನಪುಳಿಯಲಿಲ್ಲ, ನೋಡುವುದರಲ್ಲೇ ಮುಳುಗಿಹೋಗಿದ್ದಳು. ಇಳಿದ ಕೂಡಲೇ ಸ್ವರಾಳಿಗೆ ದನಿ ಸಂದೇಶ ಕಳಿಸಿದಳು: "ಮೇಲವಂಕಿ ಗ್ರಾಮದ ಸಮಸ್ತ ಕೂಸುಗಳ ಗಮನಕ್ಕ! ನಿಮ್ಮ ಅವ್ವ ಹಿಮಾಲಯ ನೋಡ್ಯಾಳ!"

ಸಮ್ಮೇಳನದ ಸಭಾಂಗಣ ಒಂದು ದೊಡ್ಡ ಹೋಟೆಲಿನಲ್ಲಿತ್ತು. ಕೊರಳಿಗೆ ಹೆಸರಿನ ಪಟ್ಟಿ ಹಾಕಿಕೊಂಡಾಗ ಮೊದಲು ಫೋಟೊ ತೆಗೆದು ಮನೆಗೆ ಕಳಿಸಿದಳು. ಬಾಂಗ್ಲಾದೇಶದವರು, ಶ್ರೀಲಂಕಾದವರು, ಭೂತಾನದ ನಿಲುವಂಗಿ ತೊಟ್ಟವರು, ಮಾಲ್ಡೀವ್ಸಿನ ಒಬ್ಬ ಹುಡುಗ. ಆ ಹುಡುಗನ ಊರು ಸಮುದ್ರದಿಂದ ಆಳೆತ್ತರವೂ ಇಲ್ಲವಂತೆ. "ನೀರು ಬಂದರೆ ಮೇಲೆ ಎಲ್ಲಿಗೆ ಹೋಗುತ್ತೀರಿ?" ಎಂದು ಅವಳು ತನ್ನ ಟೀವಿ ಹಿಂದಿಯಲ್ಲಿ ಕೇಳಿದಾಗ ಅವನು ತೆಂಗಿನ ಮರ ಹತ್ತುವ ಅಭಿನಯ ಮಾಡಿ ತೋರಿಸಿದ. ಇಬ್ಬರೂ ನಕ್ಕರು. ಆಮೇಲೆ ಅವನು ನಗದೆ ಭುಜ ಕುಣಿಸಿದ. ಅದು ಅವಳ ಮನಸ್ಸಿನಲ್ಲಿ ಬಹಳ ಹೊತ್ತು ಉಳಿಯಿತು.

ಎಲ್ಲರಿಗೂ ಕಿವಿಗೆ ಹಾಕಿಕೊಳ್ಳುವ ಯಂತ್ರ ಕೊಟ್ಟಿದ್ದರು. ವೇದಿಕೆಯಲ್ಲಿ ಇಂಗ್ಲಿಷು ನಡೆದರೆ ಅವಳ ಕಿವಿಗೆ ಹಿಂದಿ ಬೀಳುತ್ತಿತ್ತು. ಗಾಜಿನ ಕೋಣೆಯಲ್ಲಿ ಕುಳಿತು ಇಬ್ಬರು ಹೆಂಗಸರು ಸರದಿಯ ಮೇಲೆ ಮಾತು ತಿರುಗಿಸುತ್ತಿದ್ದರು. ರೂಪಾಲಿ ವೇದಿಕೆ ಬಿಟ್ಟು ಅವರನ್ನೇ ನೋಡುತ್ತ ಕುಳಿತಳು. ಚಹಾದ ಹೊತ್ತಿನಲ್ಲಿ ಸೌಂಡ್ ನೋಡಿಕೊಳ್ಳುವವನ ಹತ್ತಿರ ಹೋಗಿ, ಇಷ್ಟು ಮೈಕು ಒಮ್ಮೆಲೇ ಚಾಲೂ ಇದ್ದರೂ ಒಂದೂ ಕುಂಯ್‌ಗುಡುವುದಿಲ್ಲವಲ್ಲ, ಹೇಗೆ ಎಂದು ಕೇಳಿದಳು. ಅವನು ಖುಷಿಯಾಗಿ ಎಲ್ಲ ಗುಂಡಿಗಳನ್ನೂ ತೋರಿಸಿದ. ದಾನೇಶ್ವರಿ ಹುಡುಕಿಕೊಂಡು ಬಂದಾಗ ಇಬ್ಬರೂ ಮೇಜಿನ ಕೆಳಗೆ ಬಾಗಿ ವೈರು ನೋಡುತ್ತಿದ್ದರು.

ಎರಡನೇ ದಿನ ಅವಳ ಸರದಿ. ಇಳಕಲ್ ಸೀರೆ ಉಟ್ಟಿದ್ದಳು. ಮೊದಲು ಆ ಹಳೆಯ ತುಣುಕು ತೋರಿಸಿದರು. ನಂತರ ಅವಳು ಹಿಂದಿಯಲ್ಲಿ ಹೇಳಿದಳು: ಜನರನ್ನು ಹೆಸರು ಹಿಡಿದು ಕರೆಯಬೇಕು, ಮೊದಲು ಮಾಡುವ ಒಂದೇ ಕೆಲಸ ಹೇಳಬೇಕು, ಎಲ್ಲಿಗೆ ಹೋಗಬೇಕೆಂದು ಹೇಳಬೇಕು, ನಡುವೆ ಉಸಿರು ಬಿಡಬೇಕು. ಸಭೆಯಿಂದ ಯಾರೋ, "ಈಗ ಒಮ್ಮೆ ಕೂಗಿ ತೋರಿಸಿ" ಎಂದರು. ಅವಳು ಮೈಕನ್ನು ಕೈಯಲ್ಲಿ ಸರಿಯಾಗಿ ಹಿಡಿದುಕೊಂಡಳು. ಕೈಗೆ ಮೈಕು ಬಂದ ಮೇಲೆ ಹೆದರಿಕೆ ಎಲ್ಲಿಯದು?

"ದುಂಡಪ್ಪ ಕಾಕಾ!"

ಗಾಜಿನ ಕೋಣೆಯ ಹೆಂಗಸು ಬೆಚ್ಚಿ ಕಿವಿಯ ಯಂತ್ರ ತೆಗೆದಳು. ಸಭೆ ನಗುತ್ತ ಚಪ್ಪಾಳೆ ತಟ್ಟಿತು. ಮಾಲ್ಡೀವ್ಸಿನ ಹುಡುಗ ಎದ್ದು ನಿಂತು, "ದುಂಡಪ್ಪ ಕಾಕಾ!" ಎಂದು ತಿರುಗಿ ಕೂಗಿದ. ಊರಲ್ಲಿ ಎಮ್ಮೆ ಮೇಯಿಸುತ್ತಿರುವ ದುಂಡಪ್ಪನಿಗೆ ತನ್ನ ಹೆಸರು ಇಷ್ಟು ದೇಶಗಳ ಬಾಯಲ್ಲಿ ಬಂದದ್ದು ಗೊತ್ತಾಗಬೇಕು ಎಂದು ರೂಪಾಲಿಗೆ ಅನಿಸಿತು. ಮೈಯೆಲ್ಲ ಹಗುರಾಗಿತ್ತು.

ಆಗ ಮುಂದಿನ ಸಾಲಿನಲ್ಲಿ ಒಬ್ಬ ಯುವತಿ ಕೈಯೆತ್ತಿದಳು. ಅವಳ ಎದುರಿಗೆ ಒಬ್ಬ ಗಂಡಸು ಎರಡು ದಿನದಿಂದ ಕೈಬೆರಳುಗಳಲ್ಲಿ ಮಾತು ತಿರುಗಿಸುತ್ತಿದ್ದ. ಯುವತಿ ಕೈಯಲ್ಲಿ ಮಾತಾಡಿದಳು, ಅವನು ದನಿ ಕೊಟ್ಟ.

"ನನ್ನ ಹೆಸರು ಪೂರ್ಣಿಮಾ ತಾಮಾಂಗ್. ಇಲ್ಲೇ ನೇಪಾಳದ ಗುಡ್ಡದ ಊರಿನವಳು. ನಿಮ್ಮ ಕೆಲಸ ನನಗೆ ಬಹಳ ಹಿಡಿಸಿತು. ನನಗೆ ಕಿವಿ ಕೇಳುವುದಿಲ್ಲ. ನಾನು ನಿಮ್ಮ ಊರಿನಲ್ಲಿದ್ದೇನೆ, ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೇನೆ ಅಂದುಕೊಳ್ಳಿ. ನಿಮ್ಮ ಆಟೋ ನನ್ನ ಬಾಗಿಲ ಮುಂದೆ ಬಂದು ಹೋಯಿತು. ನನಗೆ ಹೇಗೆ ತಿಳಿಯುತ್ತದೆ?"

ಕೆಣಕುವ ಪ್ರಶ್ನೆಯಲ್ಲ ಅದು. ಪೂರ್ಣಿಮಾ ನಗುಮುಖದಿಂದಲೇ, ನಿಜವಾಗಿ ತಿಳಿಯಲೆಂದೇ ಕೇಳಿದ್ದಳು. ರೂಪಾಲಿ ಅವಳ ಕಡೆ ತಿರುಗಿದಳು.

"ನಿಮಗೆ ತಿಳಿಯುವುದಿಲ್ಲ," ಎಂದಳು. "ನಾನು ಇದನ್ನು ಯೋಚಿಸಿಯೇ ಇರಲಿಲ್ಲ. ನಿಮಗೆ ಗೊತ್ತಿದ್ದರೆ ನನಗೆ ಕಲಿಸಿ."

ಪೂರ್ಣಿಮಾ ಎರಡೂ ಕೈಗಳನ್ನು ಮೇಲೆತ್ತಿ ಬೆರಳುಗಳನ್ನು ಗಾಳಿಯಲ್ಲಿ ಆಡಿಸಿದಳು. ಕೈಮಾತಿನವರ ಚಪ್ಪಾಳೆ ಅದು ಎಂದು ದನಿ ಕೊಡುವವನು ಹೇಳಿದ. ಒಬ್ಬೊಬ್ಬರಾಗಿ ಇಡೀ ಸಭೆ ಕೈಯೆತ್ತಿತು. ಅಷ್ಟೊಂದು ಕೈಗಳು, ಒಂದೂ ಸದ್ದಿಲ್ಲ. ಹುಟ್ಟಿದಾಗಿನಿಂದ ಅಂಥದ್ದನ್ನು ರೂಪಾಲಿ ಕಂಡಿರಲಿಲ್ಲ.

ಆ ಸಂಜೆ ಸಮ್ಮೇಳನದವರ ಊಟ ದೀಪ ಹಚ್ಚಿದ ಮೇಲೆ ಇತ್ತು. ಬಿಸಿಲು ಇಳಿಯುವ ಮೊದಲೇ ರೂಪಾಲಿ ಹೋಟೆಲಿನ ಹೊರಗಿನ ಮೆಟ್ಟಿಲ ಮೇಲೆ ರೊಟ್ಟಿಯ ಗಂಟು ಬಿಚ್ಚಿದಳು. ಪೂರ್ಣಿಮಾ ಬಂದು ಬದಿಗೆ ಕುಳಿತಳು. ದನಿ ಕೊಡುವವನು ಜೊತೆಗಿರಲಿಲ್ಲ. ರೊಟ್ಟಿ ಮುರಿದು ಚಟ್ನಿ ಹಚ್ಚಿ ಕೊಟ್ಟಳು. ಪೂರ್ಣಿಮಾ ಕಟುಂ ಎಂದು ಕಡಿದು, ಆ ಗಟ್ಟಿತನಕ್ಕೆ ಕಣ್ಣರಳಿಸಿದಳು. ಕರದಂಟು ಕೊಟ್ಟಾಗ ಇನ್ನೊಂದಕ್ಕೆ ತಾನೇ ಕೈ ಚಾಚಿದಳು. ಆಮೇಲೆ ಮೊಬೈಲಿನಲ್ಲಿ ಹಿಂದಿ ಬರೆದು, ಕೈ ಆಡಿಸಿ, ಮುಖ ಮಾಡಿ ಮಾತಾಡಿದರು.

ಪೂರ್ಣಿಮಾಳ ಊರಲ್ಲಿ ಒಂದು ಮಳೆಗಾಲ ಗುಡ್ಡ ಜರಿದು ಹಳ್ಳ ಉಕ್ಕಿತ್ತು. ಸೈರನ್ ಕೂಗಿದಾಗ ಅವಳು ಮನೆಯಲ್ಲಿ ಒಬ್ಬಳೇ ಇದ್ದಳು. ಕಿಟಕಿಯಲ್ಲಿ ಅಕ್ಕಪಕ್ಕದವರ ಬೆನ್ನುಗಳು ಓಡುವುದು ಕಂಡು ಅವಳೂ ಓಡಿದಳು. ಅಲ್ಲಿಂದ ಊರವರನ್ನು ಕೂಡಿಸಿ ಒಂದು ವ್ಯವಸ್ಥೆ ಮಾಡಿದಳು. ಕಿವಿ ಕೇಳದ ಪ್ರತಿಯೊಬ್ಬರೂ ತಮಗೆ ಬೇಕಾದ ಒಬ್ಬ ನೆರೆಯವರನ್ನು ತಾವೇ ಆರಿಸಿಕೊಳ್ಳುತ್ತಾರೆ. ಆ ನೆರೆಯವರು ಅವರ ಬಾಗಿಲಿಗೆ ಹೋಗದೆ ತಮ್ಮ ಮನೆ ಬಿಡುವಂತಿಲ್ಲ. ಕತ್ತಲಾದರೆ ಶಾಲೆಯ ಮಾಳಿಗೆಯ ಮೇಲೆ ದೀಪ ಮಿನುಗುತ್ತದೆ. ಊರಿಗೆಲ್ಲ ಎರಡು ಕೈಮಾತು ಕಲಿಸಿದ್ದಾರೆ: ನೀರು, ಮೇಲೆ ನಡೆ.

ದೀಪ ಎಂಬ ಮಾತು ಮೊಬೈಲಿನಲ್ಲಿ ಕಂಡದ್ದೇ ರೂಪಾಲಿ ರೊಟ್ಟಿ ಕೆಳಗಿಟ್ಟು ಎದ್ದಳು. ಶುಭಮನಿಗೆ ಫೋನು ಹಚ್ಚಿದಳು.

"ರೀ, ನಮ್ಮ ಗೋಡಾನಿನ್ಯಾಗ ಮದುವಿ ಲೈಟ್ ಎಷ್ಟ ಅದಾವರಿ? ತಿರುಗತಾವಲ್ಲ, ಅವು!"

"ಯಾಕ? ಅಲ್ಲೆ ಯಾರರ ಬಾಡಗಿ ಕೇಳ್ಯಾರೇನ?"

ಅವಳು ಒಂದೇ ಉಸಿರಿಗೆ ಎಲ್ಲ ಹೇಳಿದಳು. ಉಸಿರು ಬಿಡಬೇಕೆಂದು ಲೋಕಕ್ಕೆ ಹೇಳಿ ಬಂದವಳಿಗೆ ತನಗೇ ಅದು ನೆನಪಿರಲಿಲ್ಲ. ಆಮೇಲೆ ಇನ್ನೊಂದು ಕೇಳಿದಳು: "ನಮ್ಮೂರ ಕೆಳಗಿನ ಓಣಿ ಅಕ್ಕವ್ವ ಆಯಿಗೆ ಕಿವಿ ಕೇಳಂಗಿಲ್ಲಲ್ರಿ. ಆ ಮಹಾಪೂರದಾಗ ಆಕಿ ಹೆಂಗ ಹೊರಗ ಬಂದ್ಲು? ವಿಚಾರಿಸ್ರಿ."

ಶುಭಮ ಕೂಡಲೇ ಹೋಗಿ ವಿಚಾರಿಸಿ ತಿರುಗಿ ಫೋನು ಮಾಡಿದ. ಎಲ್ಲರೂ ಹೊರಟ ಮೇಲೂ ಅಕ್ಕವ್ವ ಒಲೆ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳಂತೆ. ದುಂಡಪ್ಪ ಎಮ್ಮೆ ಹೊಡೆದುಕೊಂಡು ಶಾಲೆಯ ಏರಿಗೆ ಹೋಗಿ ಹಿಂದಿರುಗಿ ನೋಡಿದರೆ ಅವಳ ಮನೆಯಿಂದ ಹೊಗೆ ಬರುತ್ತಿತ್ತು. ಮೊಣಕಾಲು ನೀರಲ್ಲಿ ಹೋಗಿ ಎತ್ತಿಕೊಂಡು ಬಂದನಂತೆ.

"ಒಲಿ ಹಚ್ಚಿರ್ಲಿಲ್ಲಂದ್ರ?" ಎಂದಳು ರೂಪಾಲಿ.

"ನೀ ಕಲತು ಬಾ. ನಾ ಲೈಟ್ ತಗದು ಇಡ್ತೇನಿ" ಎಂದ ಶುಭಮ.

ಕೊನೆಯ ದಿನ ಗುಂಪು ಗುಂಪಾಗಿ ಕೆಲಸ ತೋರಿಸಬೇಕಿತ್ತು. ರೂಪಾಲಿ ಮತ್ತು ಪೂರ್ಣಿಮಾ ಒಂದೇ ಗುಂಪಾದರು. ವೇದಿಕೆಯ ಮೇಲೆ ಒಬ್ಬಳ ದನಿ, ಇನ್ನೊಬ್ಬಳ ಕೈ. ಸಭೆಯಲ್ಲಿ ಅರ್ಧ ಜನರ ಕಿವಿಗೆ ಹತ್ತಿ ಇಟ್ಟು, ನೆರೆಯವರನ್ನು ಆರಿಸಿಕೊಳ್ಳಲು ಹೇಳಿದರು. ಸೌಂಡ್ ನೋಡಿಕೊಳ್ಳುವವನು ಅವಳಿಗಾಗಿ ಸಭಾಂಗಣದ ದೀಪಗಳನ್ನು ಆರಿಸಿ ಹಚ್ಚಿ ಮಾಡಿದ. ಕುರ್ಚಿಗಳು ಬಿದ್ದವು, ಗದ್ದಲವಾಯಿತು, ಎಲ್ಲರೂ ನಗುತ್ತ ಬಾಲ್ಕನಿಗೆ ಹತ್ತಿದರು. ಹತ್ತಿ ಇಟ್ಟುಕೊಂಡ ಒಬ್ಬ ಅಧಿಕಾರಿ ಮಾತ್ರ ಕೆಳಗೇ ಉಳಿದಿದ್ದರು, ಅವರು ಯಾರನ್ನೂ ಆರಿಸಿಕೊಂಡಿರಲಿಲ್ಲ, ಅವರನ್ನೂ ಯಾರೂ ಕೇಳಿರಲಿಲ್ಲ. ಪೂರ್ಣಿಮಾ ಕೆಳಗಿಳಿದು ಹೋಗಿ ಅವರ ಕೈ ಹಿಡಿದು ಕರೆತಂದಳು. ಅವರಿಗೆ ಕಣ್ಣು ತುಂಬಿತ್ತು.

ಮೇಲವಂಕಿಗೆ ಬಂದ ಮೇಲೆ ಒಂದು ವಾರ ಮನೆಗೆ ಬಂದವರಿಗೆಲ್ಲ ಹಿಮಾಲಯದ ಕಥೆ. ಜಿನ್ನವ್ವ ಅದನ್ನು ಎಷ್ಟು ಸಲ ಕೇಳಿದರೆಂದರೆ ತಾವೇ ಹೋಗಿ ಬಂದವರಂತೆ ಹೇಳತೊಡಗಿದರು. ವಾರ ಕಳೆದದ್ದೇ ರೂಪಾಲಿ ಕೆಲಸಕ್ಕೆ ಇಳಿದಳು.

ಮೊದಲ ತಾಲೀಮು ಪೂರ್ತಿ ಕೆಟ್ಟಿತು. ಸಂಜೆ ಮಬ್ಬುಗತ್ತಲಲ್ಲಿ ಆಟೋದ ಮೇಲೆ ತಿರುಗುವ ಕೆಂಪು, ನೀಲಿ ಲೈಟು ಹಚ್ಚಿಕೊಂಡು ಹೊರಟರೆ ಊರ ಮಕ್ಕಳೆಲ್ಲ ಹಿಂದೆ ಕುಣಿಯುತ್ತ ಬಂದರು. ಅಕ್ಕವ್ವ ಬಾಗಿಲಿಗೆ ಬಂದು, "ಯಾರ ಮದುವಿನ? ಗಂಡ ಎಲ್ಲೆದಾನ?" ಎಂದು ಕೇಳಿದಳು. ಶುಭಮ ತಲೆ ಮೇಲೆ ಕೈ ಹೊತ್ತ.

ಆ ಗುಂಪಿನ ಅಂಚಿನಲ್ಲಿ ಲಖನ ನಿಂತಿದ್ದ. ಇದೇ ಊರಿನವನಾದ ಇಪ್ಪತ್ತೈದರ ಲಖನ ಮೂಡಲಗಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾನೆ. ಹುಟ್ಟಿನಿಂದ ಕಿವಿ ಕೇಳದವನು, ಬೆಳಗಾವಿಯ ವಸತಿ ಶಾಲೆಯಲ್ಲಿ ಓದಿದವನು. ಅವನಿಗೆ ಕೈಮಾತು ಚೆನ್ನಾಗಿ ಬರುತ್ತದೆ ಎಂಬುದು ಊರಲ್ಲಿ ಬಹಳ ಮಂದಿಗೆ ಗೊತ್ತೇ ಇರಲಿಲ್ಲ. ಗೇಟು ಮಾಡಿಸುವವರು ಬೆರಳು ತೋರಿಸಿ ಕೆಲಸ ಮುಗಿಸಿಕೊಂಡು ಹೋಗುತ್ತಿದ್ದರು. ರೂಪಾಲಿ ಆಟೋದಿಂದ ಇಳಿದು ಅವನ ಮುಂದೆ ನಿಂತು, ಪೂರ್ಣಿಮಾ ಕಲಿಸಿದ ಎರಡು ಕೈಮಾತು ಮಾಡಿದಳು. ಲಖನ ಮೊದಲು ಬೆರಗಾದ. ಆಮೇಲೆ ಬಿದ್ದು ಬಿದ್ದು ನಕ್ಕ. ನೇಪಾಳದ ಕೈಮಾತು ಬೇರೆ, ನಮ್ಮದು ಬೇರೆ. ಅವಳು ಏನು ಹೇಳಿದಳೋ ಅವನು ಕೊನೆಗೂ ಬಿಡಿಸಿ ಹೇಳಲಿಲ್ಲ. ಮೊಬೈಲು ಇಸಿದುಕೊಂಡು ಬರೆದ: "ಲೈಟ್ ಹಗಲಿನ್ಯಾಗ ಕಾಣಂಗಿಲ್ಲ. ಮದುವಿ ಲೈಟ್ ಮದುವೀಗೆ ಇರಲಿ. ನಾಳೆ ಆಟೋ ನನ್ನ ಅಂಗಡಿಗೆ ತರ್ರಿ."

ಮರುದಿನದಿಂದ ಲಖನ, ಶುಭಮ ಇಬ್ಬರದೂ ಊಟ ನಿದ್ದೆ ಅಂಗಡಿಯಲ್ಲೇ ಎನ್ನುವಂತಾಯಿತು. ಲಖನ ಆಟೋದ ಹಿಂಭಾಗಕ್ಕೆ ಎತ್ತರದ ಕಬ್ಬಿಣದ ಕಂಬ ಬೆಸೆದ. ಅದರ ತುದಿಯಲ್ಲಿ ಆಟೋ ಓಡಿದಂತೆ ಗಿರಗಿರ ತಿರುಗುವ ಒಂದು ದೊಡ್ಡ ಚಕ್ರ, ಅರ್ಧ ಕೆಂಪು, ಅರ್ಧ ಹಳದಿ. ಓಣಿಯ ಮನೆಗಳ ಮಾಳಿಗೆಗಿಂತ ಮೇಲೆ ಕಾಣುತ್ತಿತ್ತು. ಕತ್ತಲಿಗೆ ಒಂದೇ ಬಿಳಿ ಲೈಟು, ಕುಣಿಯುವಂಥದ್ದಲ್ಲ, ಕಣ್ಣು ಮಿಟುಕಿಸಿದಂತೆ. ಕಂಬದ ಕೆಳಗೆ ಒಬ್ಬರು ನಿಂತು ಕೈಮಾತು ಆಡಲು ಕಂಬಿ ಸುತ್ತಿದ ಒಂದು ಕಟಾಂಜನ. ಅಲ್ಲಿ ಯಾರು ನಿಲ್ಲಬೇಕೆಂಬ ಪ್ರಶ್ನೆಯೇ ಬರಲಿಲ್ಲ, ಲಖನ ತನ್ನ ಎತ್ತರಕ್ಕೆ ಅಳತೆ ಮಾಡಿಯೇ ಅದನ್ನು ಬೆಸೆದಿದ್ದ.

ನೆರೆಯವರನ್ನು ಆರಿಸುವ ದಿನ ಅಕ್ಕವ್ವನ ಮನೆಗೆ ಹೋದರು. ದುಂಡಪ್ಪ ತಾನೇ ಎಂದು ಎದೆ ಮುಂದೆ ಮಾಡಿ ನಿಂತಿದ್ದ. ಅಕ್ಕವ್ವ ಅವನನ್ನು ನೋಡಿ, "ಬ್ಯಾಡ. ಇಂವಾ ಮೊದಲ ಎಮ್ಮಿ ಬಿಚ್ತಾನ. ನನಗ ಸುಂದ್ರವ್ವ ಇರ್ಲಿ" ಎಂದು ಎದುರು ಮನೆಯವಳ ಕೈ ಹಿಡಿದಳು. ದುಂಡಪ್ಪನೂ ನಕ್ಕುಬಿಟ್ಟ.

ಈ ವರ್ಷ ಮಳೆಗಾಲದಲ್ಲಿ ಘಟಪ್ರಭೆ ಮತ್ತೆ ಏರಿದಳು. ಹಿಂದಿನಷ್ಟಲ್ಲ, ಕೆಳಗಿನ ಓಣಿಗೆ ಮಾತ್ರ ನೀರು ಬರುವ ಲಕ್ಷಣ. ನಡುಮಧ್ಯಾಹ್ನ ಆಟೋ ಹೊರಟಿತು. ಮುಂದೆ ಜಿನಪ್ಪ, ನಡುವೆ ಮೈಕು ಹಿಡಿದ ರೂಪಾಲಿ, ಹಿಂದೆ ರೇನ್‌ಕೋಟು ತೊಟ್ಟು ನಿಂತ ಲಖನ, ಮೇಲೆ ತಿರುಗುವ ಕೆಂಪು ಹಳದಿ ಚಕ್ರ. ಅಕ್ಕವ್ವನ ಓಣಿಗೆ ಬಂದಾಗ ಅವಳ ಬಾಗಿಲಿಗೆ ಬೀಗ ಬಿದ್ದಿತ್ತು. ಗಾಬರಿಯಾಗಿ ಶಾಲೆಗೆ ಹೋಗಿ ನೋಡಿದರೆ, ಅಕ್ಕವ್ವ ಸುಂದ್ರವ್ವನ ಜೊತೆ ಪಡಸಾಲೆಯಲ್ಲಿ ಗಂಟಿಗೆ ಒರಗಿ ಕುಳಿತಿದ್ದಾಳೆ. ಚಕ್ರ ಹಿಂದಿನ ಓಣಿಯಲ್ಲಿದ್ದಾಗಲೇ ಮಾಳಿಗೆಗಳ ಮೇಲಿಂದ ಕಂಡಿತ್ತಂತೆ. "ಎಷ್ಟ ತಡಾ ಮಾಡಿದ್ರಿ! ಚಾ ಅರ ತಂದೀರೇನ?" ಎಂದಳು. ರೂಪಾಲಿ ಅವಳನ್ನು ತಬ್ಬಿಕೊಂಡು, ಅಲ್ಲೇ ನಿಂತು ಪೂರ್ಣಿಮಾಳಿಗೆ ವಿಡಿಯೋ ಕರೆ ಹಚ್ಚಿದಳು. ತೆರೆಯ ಮೇಲೆ ಪೂರ್ಣಿಮಾ ಎರಡೂ ಕೈಯೆತ್ತಿ ಬೆರಳು ಆಡಿಸಿದಳು. ಅಕ್ಕವ್ವನಿಗೆ ಇವಳು ಯಾರೆಂದು ತಿಳಿಯಲಿಲ್ಲ, ಆದರೂ ತಾನೂ ಕೈಯೆತ್ತಿ ಬೆರಳು ಆಡಿಸಿದಳು.

ಸುದ್ದಿ ಹೊಳೆಯ ಉದ್ದಕ್ಕೂ ಹೋಯಿತು. ನೀರು ಇಳಿದ ಮೇಲೆ ದಡ್ಡಿಯವರು, ನಮ್ಮೂರಿಗೂ ಬಂದು ತೋರಿಸಿರಿ ಎಂದು ಕರೆದರು. ತವರಿಗೆ ಹೋಗುವ ಸಡಗರದಲ್ಲಿ ರೂಪಾಲಿ ಯಮಕನಮರಡಿ ದಾಟುವವರೆಗೂ ಒಂದೇ ಸಮನೆ ಮಾತಾಡಿದಳು. ಶುಭಮ ಆಟೋ ಓಡಿಸುತ್ತಿದ್ದ, ಲಖನ ಹಿಂದೆ ಕಂಬ ಹಿಡಿದು ಕುಳಿತಿದ್ದ. ದಡ್ಡಿಯಲ್ಲಿ ಜನ ಆಗಲೇ ನೆರೆದಿದ್ದರು. ಅವಳು ಮೈಕು ಹಿಡಿದು ಮೊದಲು ಕನ್ನಡದಲ್ಲಿ, ಆಮೇಲೆ ಮರಾಠಿಯಲ್ಲಿ ಹೇಳಿದಳು. ಲಖನ ಕಟಾಂಜನದಲ್ಲಿ ನಿಂತು ಕೈಯಲ್ಲಿ ಹೇಳಿದ.

ಹೆಂಗಸರ ಗುಂಪಿನಿಂದ ಹಸಿರು ಬಳೆ ತೊಟ್ಟ ಒಬ್ಬ ಹೊಸ ಮದುವಣಗಿತ್ತಿ ಮುಂದೆ ಬಂದಳು. ಸೆರಗು ಜಾರಿದ್ದೂ ಅವಳಿಗೆ ಅರಿವಿರಲಿಲ್ಲ. ಲಖನನನ್ನೇ ನೋಡುತ್ತ ನಿಂತು, ಒಮ್ಮೆಲೇ ಎರಡೂ ಕೈಗಳಲ್ಲಿ ಸರಸರ ಏನೋ ಹೇಳಿದಳು. ಲಖನ ಕಟಾಂಜನದಿಂದ ಕೆಳಗೆ ಜಿಗಿದ. ಅವನೂ ಹೇಳಿದ, ಅವಳೂ ಹೇಳಿದಳು, ಬಳೆಗಳು ಝಣಝಣ ಎಂದವು.

"ನಮ್ಮ ಸೊಸಿರಿ," ಎಂದಳು ಅವಳ ಅತ್ತೆ, ಬೆರಗಾಗಿ. "ಭಾಗ್ಯಾ. ಕಿವಿ ಕೇಳಂಗಿಲ್ಲ, ನಮ್ಮ ಮನ್ಯಾಗ ಕೈಮಾತು ಯಾರಿಗೂ ಬರಂಗಿಲ್ಲ. ಲಗ್ನ ಆಗಿ ಬಂದಾಗಿಂದ ಇಷ್ಟು ಮಾತಾಡಿದ್ದು ನಾ ನೋಡೇ ಇಲ್ಲ."

ಶುಭಮ ಮುಂದಿನ ಓಣಿಗೆ ಹೋಗೋಣವೇ ಎಂದು ಕಣ್ಣಲ್ಲೇ ಕೇಳಿದ. ರೂಪಾಲಿ ಬೇಡವೆಂದು ಕೈ ಮಾಡಿ, ಮೈಕು ಬಂದ್ ಮಾಡಿ, ಆಟೋದ ಅಂಚಿಗೆ ಕುಳಿತಳು. ಅವರಿಬ್ಬರ ಮಾತು ಬಹಳ ಹೊತ್ತು ನಡೆಯಿತು.